ಕಾವಾಗುಚಿಯ ವೃತ್ತಿಜೀವನದಿಂದ ನಾನು ಗೋಲ್‌ಕೀಪಿಂಗ್ ಕಲಿಸಿದ ಬಗೆ

ಯೊಕೊಹಾಮಾದಲ್ಲಿ ನೌಕರಿ ಮಾಡುತ್ತ, ವಾರಾಂತ್ಯಗಳಲ್ಲಿ ಮಕ್ಕಳ ಫುಟ್‌ಬಾಲ್ ತಂಡವೊಂದಕ್ಕೆ ಗೋಲ್‌ಕೀಪಿಂಗ್ ಹೇಳಿಕೊಡುವ ನಾನು, ಬೆಂಗಳೂರಿನ ಕಾಲೇಜು ದಿನಗಳಲ್ಲಿ ಗೋಲುಕಂಬಗಳ ನಡುವೆ ನಿಂತವನೇ ಹೊರತು ಕಲಿಸುವ ವಿದ್ಯೆಯನ್ನು ಎಲ್ಲಿಯೂ ಕಲಿತವನಲ್ಲ. ಆಡುವಾಗ ಕೈಕಾಲುಗಳು ತಾವಾಗಿಯೇ ಮಾಡುತ್ತಿದ್ದುದನ್ನು ಹತ್ತು ವರ್ಷದ ಮಗುವಿಗೆ ಬಿಡಿಸಿ ಹೇಳಬೇಕಾದಾಗ, ಈ ಊರಿನ ತಂಡದಿಂದಲೇ ಹೆಸರಾದ ಜಪಾನಿನ ಗೋಲ್‌ಕೀಪರ್ ಯೊಶಿಕಾತ್ಸು ಕಾವಾಗುಚಿಯವರ ವೃತ್ತಿಜೀವನವನ್ನೇ ಪಠ್ಯವಾಗಿ ಇಟ್ಟುಕೊಂಡೆ.

ಈ ಆಯ್ಕೆಗೆ ಮುಖ್ಯ ಕಾರಣ ಅವರ ಎತ್ತರ. ಸುಮಾರು 180 ಸೆಂಟಿಮೀಟರ್ ಎಂದರೆ ಅಂತರರಾಷ್ಟ್ರೀಯ ಗೋಲ್‌ಕೀಪರ್‌ಗಳ ಸಾಲಿನಲ್ಲಿ ಗಿಡ್ಡವೇ. ಆದರೂ ಅವರು ಜಪಾನ್ ಪರ 116 ಪಂದ್ಯಗಳನ್ನು ಆಡಿದರು. 1995ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಯೊಕೊಹಾಮಾ ಮರಿನೋಸ್‌ನಲ್ಲಿ ಹಿರಿಯ ಶಿಗೆತಾತ್ಸು ಮಾತ್ಸುನಾಗಾ ಅವರ ಜಾಗಕ್ಕೆ ಬಂದು, ತಂಡ ಜಪಾನಿನ ವೃತ್ತಿಪರ ಲೀಗ್ ಆದ ಜೆ-ಲೀಗ್ ಗೆದ್ದ ಆ ವರ್ಷವೇ ಶ್ರೇಷ್ಠ ಹೊಸಬನೆಂಬ ಪ್ರಶಸ್ತಿ ಪಡೆದರು. ಮರುವರ್ಷದ ಒಲಿಂಪಿಕ್ಸ್‌ನಲ್ಲಿ, ಅವರು ಜಪಾನಿನ ಗೋಲು ಕಾದ ಮಯಾಮಿಯ ಪಂದ್ಯದಲ್ಲಿ, ಬ್ರೆಜಿಲ್ 28 ಸಲ ಗೋಲಿನತ್ತ ಒದ್ದರೂ ಒಂದು ಗೋಲನ್ನೂ ಗಳಿಸದೆ 0–1ರಿಂದ ಸೋತಿತು. ಆ ಪಂದ್ಯದ ದೃಶ್ಯಗಳನ್ನು ಮಕ್ಕಳಿಗೆ ತೋರಿಸುವಾಗ ನಾನು ನೆಗೆತದ ಬಳಿ ನಿಲ್ಲಿಸುವುದಿಲ್ಲ. ಎದುರಾಳಿಯ ಕಾಲು ಚೆಂಡಿಗೆ ತಾಗುವ ಮುಂಚಿನ ಕ್ಷಣದಲ್ಲಿ ನಿಲ್ಲಿಸಿ, ಗೋಲ್‌ಕೀಪರ್ ಎಲ್ಲಿ ನಿಂತಿದ್ದಾನೆ, ಅವನ ಎರಡೂ ಪಾದಗಳು ನೆಲದ ಮೇಲಿವೆಯೇ ಎಂದು ಕೇಳುತ್ತೇನೆ. ನೆಗೆತವನ್ನು ಮಕ್ಕಳು ಹೇಗೂ ಅನುಕರಿಸುತ್ತಾರೆ. ನಿಲುವನ್ನು ಹೇಳಿಕೊಡದಿದ್ದರೆ ಯಾರೂ ಗಮನಿಸುವುದಿಲ್ಲ.

ಜಪಾನಿನಲ್ಲಿ ಹನ್ನೆರಡರೊಳಗಿನ ಮಕ್ಕಳು ಎಂಟೆಂಟು ಮಂದಿಯ ಆಟವಾಡುತ್ತಾರೆ, ಅವರ ಗೋಲು 5 ಮೀಟರ್ ಅಗಲ, 2.15 ಮೀಟರ್ ಎತ್ತರ. ಮಾಧ್ಯಮಿಕ ಶಾಲೆಗೆ ಹೋದೊಡನೆ ಅದು ದೊಡ್ಡವರ 7.32 ಮತ್ತು 2.44 ಮೀಟರ್ ಆಗಿಬಿಡುತ್ತದೆ, ಮಗುವಿನ ಕೈಗಳು ಮಾತ್ರ ಆ ವೇಗದಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಎರಡು ಕಂಬಗಳಿಂದಲೂ ಚೆಂಡಿನವರೆಗೆ ಹಗ್ಗ ಎಳೆದು, ಆ ತ್ರಿಕೋನದೊಳಗೆ ಮಗುವನ್ನು ಹಿಂದೆ ಮುಂದೆ ನಡೆಸುವುದೇ ನನ್ನ ಮುಖ್ಯ ಪಾಠವಾಯಿತು. ಚೆಂಡು ಗೋಲಿನ ನಡುವಿಗೆ ನೇರವಾಗಿ 12 ಮೀಟರ್ ದೂರದಲ್ಲಿದ್ದರೆ, ಚಿಕ್ಕ ಗೋಲಿನಲ್ಲಿ 3 ಮೀಟರ್ ಮುಂದೆ ಬಂದವನು ಕಾಯಬೇಕಾದ ಅಗಲ 3.75 ಮೀಟರ್, ಅಷ್ಟೇ ಅಗಲವನ್ನು ದೊಡ್ಡ ಗೋಲಿನಲ್ಲಿ ಪಡೆಯಬೇಕಾದರೆ ಆರು ಮೀಟರಿನಷ್ಟು ಮುಂದೆ ಬರಬೇಕು, ಬಂದರೆ ಒದೆತಕ್ಕೆ ಸ್ಪಂದಿಸಲು ಸಮಯವೂ ಉಳಿಯದು, ತಲೆಯ ಮೇಲಿನಿಂದ ಚೆಂಡು ಹೋಗುವ ಅಪಾಯವೂ ಉಂಟು. ಹೀಗೆ ಎಲ್ಲಿಯವರೆಗೆ ಬರಬಹುದು ಎಂಬುದಕ್ಕೆ ಒಂದೇ ಉತ್ತರವಿಲ್ಲವೆಂಬುದು ಮಕ್ಕಳಿಗೆ ನನ್ನ ಮಾತಿಗಿಂತ ಹಗ್ಗದಿಂದ ಬೇಗ ತಿಳಿಯುತ್ತದೆ. ಹಗ್ಗವನ್ನು ತೆಗೆದ ಮೇಲೆ ಕಂಬದ ಕಡೆ ತಿರುಗಿ ನೋಡದೆ ಅದೇ ಜಾಗಕ್ಕೆ ಬಂದು ನಿಲ್ಲುವುದು ಮುಂದಿನ ಹಂತ. ನನ್ನ ಬಹುಪಾಲು ಸಮಯ ಖರ್ಚಾಗುವುದು ಇದರಲ್ಲಿಯೇ.

ಬೆಂಚಿನ ಮೇಲೆ ಕೂರುವ ಗೋಲ್‌ಕೀಪರ್ ಬೇರೆಯೇ ಸಮಸ್ಯೆ, ಏಕೆಂದರೆ ಬೇರೆ ಜಾಗಗಳಲ್ಲಿ ಆಡುವವರಂತೆ ಅರ್ಧ ಗಂಟೆಯ ಆಟವೂ ಅವನಿಗೆ ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ಕಾವಾಗುಚಿಯವರ ಗೆಲುವುಗಳಿಗಿಂತ ಉಳಿದ ವರ್ಷಗಳು ನನಗೆ ಹೆಚ್ಚು ಉಪಯೋಗಕ್ಕೆ ಬಂದವು. 2001ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಸೇರಿದ ಅವರು ಕೆಲವೇ ತಿಂಗಳಲ್ಲಿ ಜಾಗ ಕಳೆದುಕೊಂಡರು, ಡೆನ್ಮಾರ್ಕಿನ ನೋರ್‌ಶೆಲಾನ್‌ಗೆ ಹೋದರು, 2005ರಲ್ಲಿ ಜಪಾನಿಗೆ ಮರಳಿ ಜುಬಿಲೊ ಇವಾಟಾ ತಂಡ ಸೇರಿದರು. 2010ರ ವಿಶ್ವಕಪ್‌ಗೆ, ಕಾಲಿನ ಮೂಳೆ ಮುರಿದು ಚೇತರಿಸಿಕೊಳ್ಳುತ್ತಿದ್ದಾಗ, ಮೂರನೆಯ ಗೋಲ್‌ಕೀಪರ್ ಆಗಿ, ಆದರೆ ತಂಡದ ನಾಯಕನೆಂಬ ಹೊಣೆಯೊಂದಿಗೆ ಆಯ್ಕೆಯಾದರು. ಒಂದು ನಿಮಿಷವೂ ಆಡಲಿಲ್ಲ. ಇದನ್ನು ಮಕ್ಕಳಿಗೆ ಹೇಳುತ್ತೇನೆ, ಆದರೆ ಸಮಾಧಾನವಾಗಿ ಅಲ್ಲ. ನಮ್ಮ ತಂಡದಲ್ಲಿ ಎರಡನೆಯ ಗೋಲ್‌ಕೀಪರ್ ಎದುರಾಳಿಯ ಕಾರ್ನರ್ ಕಿಕ್‌ಗಳನ್ನು ಬರೆದುಕೊಂಡು ವಿರಾಮದಲ್ಲಿ ಮೊದಲನೆಯವನಿಗೆ ವಿವರಿಸಬೇಕೆಂಬ ನಿಯಮ ಮಾಡಿರುವುದು ಈ ಕಾರಣಕ್ಕೆ. ಇನ್ನೊಬ್ಬನಿಗೆ ವಿವರಿಸಲು ಬಲ್ಲವನ ನಿಲುವು ತಾನಾಗಿ ತಿದ್ದಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾವಾಗುಚಿ 2018ರಲ್ಲಿ, ಮೂರನೆಯ ದರ್ಜೆಯ ಲೀಗಿನ ಸಗಾಮಿಹಾರಾ ತಂಡದಲ್ಲಿ ಆಡುತ್ತಿದ್ದಾಗ, 43ನೆಯ ವಯಸ್ಸಿನಲ್ಲಿ ನಿವೃತ್ತರಾಗಿ, ಕಿರಿಯರ ರಾಷ್ಟ್ರೀಯ ತಂಡಗಳ ಗೋಲ್‌ಕೀಪರ್ ತರಬೇತುದಾರರಾದರು. 2004ರ ಜುಲೈ 31ರಂದು ಚೀನಾದ ಚೊಂಗ್‌ಚಿಂಗ್‌ನಲ್ಲಿ ಏಷ್ಯಾ ಕಪ್ ಕ್ವಾರ್ಟರ್‌ಫೈನಲ್‌ನ ಪೆನಾಲ್ಟಿ ಶೂಟೌಟ್‌ನಲ್ಲಿ ಅವರ ಎದುರು ಜೋರ್ಡಾನಿನ ಕೊನೆಯ ನಾಲ್ಕು ಒದೆತಗಳಲ್ಲಿ ಒಂದೂ ಗೋಲಾಗಿರಲಿಲ್ಲ. 2021ರಲ್ಲಿ, ಅದೇ ಜುಲೈ 31ರಂದು, ಕಾಶಿಮಾದಲ್ಲಿ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್ ಶೂಟೌಟ್‌ಗೆ ಹೋದಾಗ ಅವರಿದ್ದದ್ದು ಗೆರೆಯ ಹೊರಗೆ, ಗೋಲಿನಲ್ಲಿದ್ದವರು ಕೊಸೆಯಿ ತಾನಿ. ತಾನಿ ಒಂದನ್ನು ತಡೆದರು, ನ್ಯೂಜಿಲೆಂಡಿನ ಮತ್ತೊಂದು ಒದೆತ ಅಡ್ಡಪಟ್ಟಿಯ ಮೇಲಿನಿಂದ ಹೋಯಿತು, ಜಪಾನ್ 4–2ರಿಂದ ಗೆದ್ದಿತು.

ಅಂದಿನಿಂದ ನಮ್ಮ ಶೂಟೌಟ್ ಅಭ್ಯಾಸದಲ್ಲಿ ನಾನು ಗೋಲಿನ ಹಿಂದೆ ನಿಲ್ಲುವುದನ್ನು ಬಿಟ್ಟಿದ್ದೇನೆ. ಒದೆಯುವವರ ಅಭ್ಯಾಸಗಳ ಬಗ್ಗೆ ತಿಳಿದಿರುವುದನ್ನೆಲ್ಲ ಶೂಟೌಟ್‌ಗೆ ಮುನ್ನ ಹೇಳಿ ಮುಗಿಸುತ್ತೇನೆ. ಆಮೇಲೆ ಎಡಕ್ಕೋ ಬಲಕ್ಕೋ ಎಂಬುದನ್ನು ಮಗುವೇ ತೀರ್ಮಾನಿಸುತ್ತದೆ, ಮತ್ತು ಯಾವುದನ್ನು ನೋಡಿ ಹಾಗೆ ತೀರ್ಮಾನಿಸಿದೆನೆಂದು ಪ್ರತಿ ಒದೆತದ ನಂತರ ನನಗೆ ಹೇಳುತ್ತದೆ.