ಬೆಳ್ಳಿಯ ಬೆನ್ನಲ್ಲಿ 15 ಅಂಕಿ

ದೀಪಾವಳಿ ರಾತ್ರಿ ಪಟಾಕಿ ಸದ್ದಿಗೆ ಬೆದರಿ ನಮ್ಮ ಬೆಳ್ಳಿ ಗೇಟು ಹಾರಿ ಓಡಿಬಿಟ್ಟಳು. ಮುಧೋಳ ತಳಿಯ ನಾಯಿ. ಓಟಕ್ಕೆ ಬಿದ್ದರೆ ಹಿಂದೆ ಹೋಗಿ ಹಿಡಿಯುವ ಮಾತೇ ಇಲ್ಲ. ಕೊಪ್ಪಳದ ಭಾಗ್ಯನಗರದಿಂದ ಗವಿಮಠದ ಗುಡ್ಡದವರೆಗೂ ಹುಡುಕಿದೆವು. ಮೂರನೇ ದಿನ ಗಿಣಿಗೇರಾ ಕಡೆ ಒಂದು ಚಹಾ ಅಂಗಡಿಯ ಹಿಂದೆ ಸಿಕ್ಕಳು. ಕೊರಳಪಟ್ಟಿ ಎಲ್ಲೋ ಬೇಲಿಗೆ ಸಿಕ್ಕಿ ಕಿತ್ತುಹೋಗಿತ್ತು. ನನ್ನ ಫೋನ್ ನಂಬರ್ ಇದ್ದದ್ದು ಅದರ ಮೇಲೆಯೇ. "ಯಾರ್ದಂತ ಗೊತ್ತಾಗ್ಲಿಲ್ರೀ, ಅನ್ನ ಹಾಕಿ ಕಟ್ಟೇನಿ" ಅಂದರು ಅಂಗಡಿಯವರು.

ಕಳಚಿ ಬೀಳದ ಗುರುತು ಬೇಕು ಅಂತ ಅವತ್ತೇ ಅನ್ನಿಸಿತು. ನಾಯಿಯ ಚರ್ಮದೊಳಗೆ ಹಾಕುವ ಗುರುತಿನ ಮೈಕ್ರೋಚಿಪ್ ಹಾಕಿಸೋಣ ಅಂದುಕೊಂಡೆ. ಪಶುವೈದ್ಯರ ಹತ್ತಿರ ಚಿಪ್ ಇರಲಿಲ್ಲ, ಹೇಳಿ ತರಿಸಿದೆ. ಅಕ್ಕಿಕಾಳಿನಂಥ ಗಾಜಿನ ಕೊಳವೆ, ಸುಮಾರು 12 ಮಿಲಿಮೀಟರ್ ಉದ್ದ. ಒಳಗೆ ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಅದರಿಂದಲೇ ಶಕ್ತಿ ಪಡೆದು ತನ್ನ ನಂಬರ್ ಕೊಡುತ್ತದೆ, ಅಷ್ಟೇ. ನಾಯಿ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ತೋರಿಸುವುದಿಲ್ಲ. ಇದು ಜಿಪಿಎಸ್ ಅಲ್ಲ. ದನದ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ನೋಡಿರ್ತೀರಲ್ವಾ? ಹಾಗೆಯೇ ಇದೂ ಒಂದು ಗುರುತು, ಚರ್ಮದ ಒಳಗೆ ಇರುತ್ತದೆ.

ಸೂಜಿ ನೋಡಿದಾಗ ಮಾತ್ರ ನನ್ನ ಎದೆ ಧಸಕ್ಕೆಂದಿತು. ಲಸಿಕೆಯ ಸೂಜಿಗಿಂತ ದಪ್ಪ, ಚೀಲ ಹೊಲಿಯುವ ದಬ್ಬಣ ನೆನಪಾಯಿತು. ಡಾಕ್ಟರು ಹೆಗಲ ನಡುವಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಚುಚ್ಚಿದರು. ಬೆಳ್ಳಿ ಒಮ್ಮೆ ಕುಂಯ್ ಅಂದಳು, ಆಮೇಲೆ ನನ್ನ ಕೈಯಲ್ಲಿದ್ದ ಬಿಸ್ಕತ್ತಿಗೆ ಬಾಯಿ ಹಾಕಿದಳು. ಅರಿವಳಿಕೆ ಬೇಕಾಗಲಿಲ್ಲ. ಬೆನ್ನ ಮೇಲೆ ಸ್ಕ್ಯಾನರ್ ಆಡಿಸಿದಾಗ ಸಣ್ಣ ಸದ್ದು ಬಂತು, ಪರದೆಯಲ್ಲಿ 15 ಅಂಕಿ. ಒಂದೊಂದನ್ನೇ ಗಟ್ಟಿಯಾಗಿ ಓದಿದೆ. ಮಗಳು ಲಸಿಕೆ ಪುಸ್ತಕಕ್ಕೆ ಅಂಟಿಸಿದ ಸ್ಟಿಕ್ಕರ್ ನೋಡುತ್ತಾ ತಾಳೆ ಹಾಕಿದಳು.

ಕೆಲಸ ಮುಗೀತು ಅಂದುಕೊಂಡಿದ್ದೆ. ಮೂರು ವಾರ ಬಿಟ್ಟು ಸುಮ್ನೆ ಚಿಪ್ ನಂಬರ್ ಹಾಕಿ, ಮಾಲೀಕರ ವಿವರ ಇರುವ ನೋಂದಣಿ ತೆರೆದರೆ, ನನ್ನ ಮೊಬೈಲ್ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ಬೆಳ್ಳಿ ಮತ್ತೆ ಕಳೆದುಹೋಗಿದ್ದರೆ ಫೋನ್ ಯಾರಿಗೋ ಹೋಗುತ್ತಿತ್ತು! ಚಿಪ್‌ನಲ್ಲಿ ನಮ್ಮ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಎಲ್ಲ ನಿಂತಿರುವುದು ಆ ನೋಂದಣಿಯ ಮೇಲೆ. ಅವತ್ತೇ ತಿದ್ದಿಸಿ, ತಂಗಿಯ ನಂಬರನ್ನೂ ಸೇರಿಸಿದೆ. ದಯವಿಟ್ಟು ನಿಮ್ಮದನ್ನೂ ಒಮ್ಮೆ ತೆರೆದು ನೋಡಿ. ಸಿಮ್ ಬದಲಿಸಿದರೆ ಅಲ್ಲಿಯೂ ಬದಲಿಸಿ.

ಈಗ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಗೆ ಹೋದಾಗ ಚಿಪ್ಪನ್ನೂ ಸ್ಕ್ಯಾನ್ ಮಾಡಿಸುತ್ತೇನೆ. ಕೆಲವು ನಾಯಿಗಳಲ್ಲಿ ಅದು ಹೆಗಲಿನಿಂದ ಮುಂಗಾಲಿನ ಕಡೆ ಜಾರುವುದುಂಟು. ಆಗ ಬೆನ್ನೊಂದನ್ನೇ ನೋಡಿದರೆ ಸಿಗುವುದಿಲ್ಲ. ಕೊರಳಪಟ್ಟಿಯನ್ನೂ ಬಿಟ್ಟಿಲ್ಲ. ಚಹಾ ಅಂಗಡಿಯಲ್ಲಿ ಸ್ಕ್ಯಾನರ್ ಎಲ್ಲಿರುತ್ತದೆ?

ಹೋದ ತಿಂಗಳು ಗಿಣಿಗೇರಾದ ಆ ಅಂಗಡಿಗೆ ಬೆಳ್ಳಿಯನ್ನು ಕರೆದುಕೊಂಡು ಹೋಗಿದ್ದೆ. ಪಟ್ಟಿ ಇಲ್ಲದ ನಾಯಿ ಸಿಕ್ಕರೆ ದವಾಖಾನೆಗೆ ಒಯ್ದು ಸ್ಕ್ಯಾನ್ ಮಾಡಿಸಬಹುದು ಅಂತ ಹೇಳಿದೆ. ಅವರು ಚಾಕ್‌ಪೀಸ್ ತೆಗೆದುಕೊಂಡು, ಹಾಲಿನ ಲೆಕ್ಕದ ಪಕ್ಕದಲ್ಲೇ ಡಾಕ್ಟರ ನಂಬರ್ ಬರೆದಿಟ್ಟರು.