ಕಂಪ್ರೆಸರ್ ಟ್ಯಾಂಕಿನೊಳಗೂ ಮಳೆಗಾಲ

ತೀರ್ಥಹಳ್ಳಿಯ ಹೊರಗೆ ನಮ್ಮದೊಂದು ಗ್ಯಾರೇಜ್. ಟೈರ್ ಕೆಲಸವೇ ಜಾಸ್ತಿ. ಅಡಿಕೆ ಸೀಸನ್ನಿನಲ್ಲಿ ಪಿಕಪ್‌ಗಳು, ಉಳಿದ ದಿನ ಹುಲಿಕಲ್ ಘಾಟಿ ಹತ್ತಿ ಬಂದ ಲಾರಿಗಳು. ನಟ್ ಬಿಚ್ಚುವ ಗನ್, ರ‍್ಯಾಚೆಟ್, ಗ್ರೈಂಡರ್, ಗ್ರೀಸ್ ಪಂಪ್ ಎಲ್ಲವೂ ಗಾಳಿಯಲ್ಲೇ ಓಡುವಂಥವು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಹೆದರುವುದು ಗನ್ನಿಗೆ, ಅದು ಅಷ್ಟು ಸದ್ದು ಮಾಡುತ್ತದಲ್ಲ. ನನಗೆ ಹೆದರಿಕೆ ಇರುವುದು ಮೂಲೆಯಲ್ಲಿ ಸುಮ್ಮನೆ ಕೂತ, ಕಂಪ್ರೆಸರ್ ಒತ್ತಿದ ಗಾಳಿ ತುಂಬಿರುವ ಟ್ಯಾಂಕಿನ ಬಗ್ಗೆ. ಅದರಲ್ಲೂ ಜೂನ್ ಶುರುವಾದ ಮೇಲೆ.

ನಮ್ಮ ಕಡೆಯ ಮಳೆಗಾಲದ ಗಾಳಿಯನ್ನು ಒತ್ತಿದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ. 25 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಅದನ್ನು 8 ಕೆಜಿ ಒತ್ತಡಕ್ಕೆ (ಚದರ ಸೆಂಟಿಮೀಟರಿಗೆ 8 ಕೆಜಿ) ತಂದರೆ, ಹೊರಗಿನ ಗಾಳಿಯದೇ ಒಂದು ಕೆಜಿ ಸೇರಿ ಒಂಬತ್ತಾಗಿ, ಗಾಳಿಯ ಜಾಗ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟು ಜಾಗದಲ್ಲಿ ಆವಿಯಾಗಿ ನಿಲ್ಲುವುದು ಎರಡೂವರೆ ಗ್ರಾಂ ಮಾತ್ರ. ಮಿಕ್ಕ 20 ಗ್ರಾಂ ಟ್ಯಾಂಕ್ ತಣ್ಣಗಾದಂತೆ ನೀರಾಗಿ ತಳಕ್ಕೆ ಸೇರುತ್ತದೆ. ನಿಮಿಷಕ್ಕೆ 10 ಘನ ಅಡಿ ಗಾಳಿ ಎಳೆಯುವ ಸಾಧಾರಣ ಕಂಪ್ರೆಸರ್ ಮೂರು ಗಂಟೆ ಓಡಿದರೆ ಸುಮಾರು ಒಂದು ಲೀಟರ್ ನೀರು! ಬಯಲುಸೀಮೆಯ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಡ್ರೈನ್ ತೆಗೆದರೂ ನಡೆದೀತು. ಆಗುಂಬೆ ಪಕ್ಕದಲ್ಲಿ ಕೂತವರಿಗೆ ಅದು ಆಗುವ ಮಾತಲ್ಲ.

ಹಾಗಾಗಿ ನಮ್ಮಲ್ಲಿ ದಿನಾ ಸಂಜೆ ಡ್ರೈನ್ ಬಿಡಲೇಬೇಕು, ಜೋರು ಮಳೆಯಿದ್ದರೆ ಮಧ್ಯಾಹ್ನವೂ ಒಂದು ಸಲ. ಟ್ಯಾಂಕಿನ ಅಡಿಯ ಕಾಕ್ ಕೈಗೆ ಎಟುಕುವುದಿಲ್ಲ ಎಂಬ ನೆಪಕ್ಕೇ ಅದನ್ನು ಮುಟ್ಟದವರು ಬಹಳ ಜನ. ನಾನು ಅಲ್ಲಿಂದ ಒಂದು ಸಣ್ಣ ಪೈಪ್ ಹೊರಗೆ ತಂದು, ಬಾಲ್ ವಾಲ್ವ್ ಹಾಕಿ, ಅದರ ಬಾಯಿಯನ್ನು ಬಕೆಟ್ಟಿಗೆ ತಿರುಗಿಸಿಟ್ಟಿದ್ದೇನೆ. ಸ್ವಲ್ಪ ಒತ್ತಡ ಇರುವಾಗಲೇ, ನಿಧಾನಕ್ಕೆ ತೆಗೆಯಬೇಕು. ಮೊದಲು ಎಣ್ಣೆ ಬೆರೆತ ಕಂದು ನೀರು, ಆಮೇಲೆ ತುಂತುರು, ಕೊನೆಗೆ ಬರೀ ಗಾಳಿ. ಆ ನೀರಿನ ಬಣ್ಣ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಕೆಂಪು ಜಾಸ್ತಿಯಾಗಿ ತುಕ್ಕಿನ ಚಕ್ಕೆ ಬರತೊಡಗಿದರೆ ಒಳಗಿನ ಕಬ್ಬಿಣ ಕರಗುತ್ತಿದೆ ಎಂದೇ ಲೆಕ್ಕ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ತಳದ ತಗಡು ತೆಳುವಾಗಿರುತ್ತದೆ. ಅಂಥ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿಸಿ ಓಡಿಸುವವರನ್ನು ನೋಡಿದ್ದೇನೆ. ನನ್ನ ಮಟ್ಟಿಗೆ ಅದು ಗುಜರಿಗೆ ಹೋಗಬೇಕಾದ ಮಾಲು. ಟ್ಯಾಂಕ್ ಗಟ್ಟಿ ಇದೆಯೇ ಎಂದು ಪರೀಕ್ಷಿಸುವವರು ಅದಕ್ಕೆ ನೀರು ತುಂಬಿ ಒತ್ತಡ ಕೊಡುತ್ತಾರೆ, ಗಾಳಿ ತುಂಬಿ ಅಲ್ಲ. ನೀರು ಕುಗ್ಗುವುದಿಲ್ಲ, ಬಿರುಕು ಬಿಟ್ಟರೆ ಸೋರಿ ಒತ್ತಡ ಅಲ್ಲಿಗೇ ಇಳಿದುಹೋಗುತ್ತದೆ. ಕುಗ್ಗಿಸಿಟ್ಟ ಗಾಳಿ ಹಾಗಲ್ಲ, ಹೊರಬರುವಾಗ ಎದುರಿಗೆ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತದೆ.

ಗಾಳಿಯ ಲೈನಿಗೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಎಳೆಸುವಾಗಲೂ ಇದೇ ಚರ್ಚೆ ಬಂತು. ಗಾಡಿ ಬಿಡಲು ಬಂದ ತೋಟದ ಗೌಡರೊಬ್ಬರು, "ಜಿಐ ಪೈಪಿಗೆ ಯಾಕೆ ದುಡ್ಡು ಸುರೀತೀಯ ಮಾರಾಯ? ನಮ್ಮಲ್ಲಿ ಪಿವಿಸಿ ರಾಶಿ ಬಿದ್ದಿದೆ, ತಗೊಂಡು ಹೋಗು. ಹತ್ತು ಕೆಜಿ ಪೈಪು ಅದು, ನಿನ್ನ ಕಂಪ್ರೆಸರ್ ಎಂಟೇ ಕೆಜಿ. ಮತ್ತೆಂತ ಹೆದರಿಕೆ?" ಅಂದರು. "ಗೌಡ್ರೆ, ಆ ಹತ್ತು ಕೆಜಿ ಬರೆದಿದ್ದು ನೀರಿಗೆ" ಅಂದೆ. ನೀರಿನ ಲೈನಿನಲ್ಲಿ ಪಿವಿಸಿ ಒಡೆದರೆ ತೋಟ ಒದ್ದೆಯಾಗುತ್ತದೆ, ಅಷ್ಟೇ. ಗಾಳಿ ಲೈನಿನಲ್ಲಿ ಒಡೆದರೆ ಚೂರುಗಳು ಗಾಜಿನಷ್ಟೇ ಹರಿತವಾಗಿ ಸಿಡಿಯುತ್ತವೆ. ಕಂಪ್ರೆಸರಿನ ಬಿಸಿಗೂ ಎಣ್ಣೆಗೂ ಅದು ದಿನೇ ದಿನೇ ಇನ್ನಷ್ಟು ಸೊರಗುತ್ತದೆ. ಖರ್ಚಾದರೂ ಜಿಐ ಪೈಪನ್ನೇ ಹಾಕಿಸಿದೆ. ಕಂಪ್ರೆಸರಿನಿಂದ ದೂರ ಹೋದಂತೆ ಸ್ವಲ್ಪ ಇಳಿಜಾರು, ಕೊನೆಯಲ್ಲಿ ಒಂದು ಡ್ರೈನ್. ಗನ್ನಿಗೆ ಇಳಿಯುವ ಕವಲುಗಳನ್ನು ಮುಖ್ಯ ಪೈಪಿನ ಮೇಲ್ಭಾಗದಿಂದ ತೆಗೆಸಿದ್ದೇನೆ. ಅಡಿಯಿಂದ ತೆಗೆದರೆ ಪೈಪಿನ ನೀರೆಲ್ಲ ಸೀದಾ ಗನ್ನಿಗೇ ಬರುತ್ತದೆ.

ಒತ್ತಡ ಮಿತಿ ಮೀರಿದರೆ ತಾನಾಗಿ ಗಾಳಿ ಬಿಡುವ ಸೇಫ್ಟಿ ವಾಲ್ವಿನ ರಿಂಗನ್ನು ಆಗಾಗ ಎಳೆದು ನೋಡುತ್ತೇನೆ. ಬುಸ್ಸೆಂದು ಗಾಳಿ ಬಿಟ್ಟು ಮತ್ತೆ ಕೂತರೆ ಸರಿ. ತುಕ್ಕಿಗೆ ಅಂಟಿಕೊಂಡ ವಾಲ್ವ್ ಇದ್ದೂ ಇಲ್ಲದ ಲೆಕ್ಕ. ಸೋರುತ್ತದೆ ಎಂದು ಅದನ್ನು ಕಿತ್ತು ಬೋಲ್ಟ್ ಹಾಕಿ ಮುಚ್ಚುವ ಮಹಾನುಭಾವರೂ ಇದ್ದಾರೆ, ಅಂಥವರ ಶೆಡ್ಡಿಗೆ ನಾನು ಕಾಲಿಡುವುದಿಲ್ಲ.

ಇನ್ನು ಕರೆಂಟ್. ಮಳೆಗಾಲದಲ್ಲಿ ಮರ ಬಿದ್ದು ಹೋಗುತ್ತದೆ, ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಕರೆಂಟ್ ಹೋದ ಹೊತ್ತಿನಲ್ಲಿ "ಹೇಗೂ ಮೆಷಿನ್ ನಿಂತಿದೆಯಲ್ಲ" ಎಂದು ಬೆಲ್ಟಿಗೆ ಕೈ ಹಾಕುವುದು ಬಹಳ ಅಪಾಯ. ಟ್ಯಾಂಕಿನ ಒತ್ತಡ ನೋಡಿ ಮೋಟಾರು ಓಡಿಸುವ, ನಿಲ್ಲಿಸುವ ಪ್ರೆಷರ್ ಸ್ವಿಚ್ಚಿಗೇನು ಗೊತ್ತು, ಯಾರು ಎಲ್ಲಿ ಕೈಯಿಟ್ಟಿದ್ದಾರೆ ಎಂದು? ಒತ್ತಡ ಕಡಿಮೆಯಿದ್ದು ಕರೆಂಟ್ ಬಂತೋ, ಮೋಟಾರು ತಾನಾಗಿ ತಿರುಗುತ್ತದೆ. ಆದ್ದರಿಂದ ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಬೆಲ್ಟ್ ಮುಟ್ಟುವುದು. ಬೆಲ್ಟಿನ ಜಾಲರಿ ಬಿಚ್ಚಿಟ್ಟು ಓಡಿಸುವುದಂತೂ ಬೇಡವೇ ಬೇಡ.

ಗನ್ನಿನ ವಿಷಯಕ್ಕೆ ಬಂದರೆ, ಒತ್ತಡ ಮಿತಿಯಲ್ಲಿಡುವ ನಮ್ಮ ರೆಗ್ಯುಲೇಟರ್ 90 ಪಿಎಸ್ಐ (ಸುಮಾರು ಆರು ಕೆಜಿ) ದಾಟುವುದಿಲ್ಲ. ಬಿಗಿ ನಟ್ ಸಿಕ್ಕಾಗ ಹುಡುಗರಿಗೆ ಅದನ್ನು ಇನ್ನಷ್ಟು ತಿರುಗಿಸುವ ಆಸೆ. ಆಗ ಬೇಕಾಗಿರುವುದು ತುಕ್ಕು ಬಿಡಿಸುವ ಎಣ್ಣೆ, ಸ್ವಲ್ಪ ತಾಳ್ಮೆ. ಗನ್ನಿಗೆ ಇಂಪ್ಯಾಕ್ಟ್ ಸಾಕೆಟ್ಟನ್ನೇ ಹಾಕಬೇಕು, ಆ ಕಪ್ಪು ಬಣ್ಣದ, ದಪ್ಪ ಗೋಡೆಯದು. ಕೈಪಾನಾದ ಹೊಳೆಯುವ ಕ್ರೋಮ್ ಸಾಕೆಟ್ ಗನ್ನಿನ ಹೊಡೆತಕ್ಕೆ ಸೀಳಿ ಮುಖಕ್ಕೆ ಹಾರಬಹುದು. ಸಾಕೆಟ್ ಬದಲಿಸುವ ಮುಂಚೆ ಹೋಸ್ ಕಳಚಬೇಕು. ನಟ್ ಕೂರಿಸುವಾಗ ಮೊದಲ ಸುತ್ತು ಕೈಯಲ್ಲಿ, ಕೊನೆಯ ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ಪಾನಾದಲ್ಲಿ. ದಿನಾ ಬೆಳಿಗ್ಗೆ ಗನ್ನಿಗೆ ನಾಲ್ಕು ಹನಿ ಏರ್ ಟೂಲ್ ಎಣ್ಣೆ. ಕನ್ನಡಕ, ಕಿವಿಗೆ ಮಫ್ ಇಲ್ಲದೆ ಯಾರೂ ಟ್ರಿಗರ್ ಒತ್ತುವಂತಿಲ್ಲ. ಗನ್ನಿನ ಸದ್ದು ಸುಲಭಕ್ಕೆ 100 ಡೆಸಿಬಲ್ ಮುಟ್ಟುತ್ತದೆ, ಹಳೇ ಮೆಕ್ಯಾನಿಕ್‌ಗಳು ಯಾಕೆ ಕೂಗಿ ಮಾತಾಡುತ್ತಾರೆ ಎಂದು ಕೇಳಬೇಕಿಲ್ಲ.

ನಾನು ನಿಜಕ್ಕೂ ಬೈಯುವುದು ಧೂಳು ಊದುವ ಬ್ಲೋ ಗನ್ನಿನ ವಿಷಯದಲ್ಲಿ. ಸಂಜೆ ಮನೆಗೆ ಹೊರಡುವಾಗ ಅಂಗಿ, ತಲೆಗೂದಲಿಗೆ ಗಾಳಿ ಹೊಡೆದುಕೊಳ್ಳುವುದು ಎಲ್ಲ ಗ್ಯಾರೇಜಿನಲ್ಲೂ ಇರುವ ಚಟ. ಕೈಯಲ್ಲೊಂದು ಗಾಯವಿದ್ದರೆ ಗಾಳಿ ಅದರೊಳಗೆ ನುಗ್ಗಿ ಚರ್ಮ ಉಬ್ಬುತ್ತದೆ, ರಕ್ತಕ್ಕೆ ಗುಳ್ಳೆ ಸೇರಿದರೆ ಜೀವಕ್ಕೇ ಸಂಚಕಾರ. ಕಿವಿಗೆ ಬಡಿದರೆ ತಮಟೆ ಹರಿಯುತ್ತದೆ. 2024ರಲ್ಲಿ ಬೆಂಗಳೂರಿನಲ್ಲಿ ಗೆಳೆಯನೇ ತಮಾಷೆಗೆ ಹಿಂಭಾಗಕ್ಕೆ ಗಾಳಿ ಬಿಟ್ಟು ಯುವಕನೊಬ್ಬ ಸತ್ತ ಸುದ್ದಿಯನ್ನು ನಮ್ಮ ಹುಡುಗರಿಗೆ ಓದಿ ಹೇಳಿದ್ದೇನೆ. ಕರುಳು ಅಷ್ಟು ಒತ್ತಡ ತಡೆಯುವುದಿಲ್ಲ. ಈ ತಮಾಷೆ ಮಾಡಿದವನಿಗೆ ನಮ್ಮಲ್ಲಿ ಮಾರನೇ ದಿನ ಕೆಲಸವಿಲ್ಲ. ಬಿಡಿಭಾಗದ ಧೂಳು ಊದುವ ಲೈನಿಗೆ ಬೇರೆ ರೆಗ್ಯುಲೇಟರ್ ಹಾಕಿ 30 ಪಿಎಸ್ಐಗಿಂತ ಕೆಳಗೆ ಇಟ್ಟಿದ್ದೇನೆ, ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿರುವುದೂ ಅದೇ ಮಿತಿ. ಬಟ್ಟೆಗೆ ಬ್ರಷ್ ಇದೆ.

ಲಾರಿ ಚಕ್ರ ಬಿಚ್ಚುವ ಮುಂಚೆ, ಜೋಡಿ ಟೈರ್ ಆದರೆ ಎರಡರದ್ದೂ ಗಾಳಿ ಪೂರ್ತಿ ಬಿಡಬೇಕು, ವಾಲ್ವಿನ ಪಿನ್ ತೆಗೆದೇ. ಮತ್ತೆ ಗಾಳಿ ತುಂಬುವಾಗ, ಲಾಕ್ ರಿಂಗಿನ (ಟೈರನ್ನು ಹಿಡಿದಿಡುವ ಕಬ್ಬಿಣದ ಬಳೆಯ) ಡಿಸ್ಕ್ ಇದ್ದರೆ ರಿಂಗಿನ ತುಕ್ಕು ಕೆರೆದು, ಅದು ಡಿಸ್ಕಿನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ, ಚಕ್ರವನ್ನು ಕಬ್ಬಿಣದ ಪಂಜರದೊಳಗೆ ಇಟ್ಟು ತುಂಬುವುದು. ವಾಲ್ವಿಗೆ ಕಚ್ಚಿಕೊಳ್ಳುವ ಕ್ಲಿಪ್, ಉದ್ದ ಹೋಸ್, ನಿಲ್ಲುವ ಜಾಗ ಪಕ್ಕದಲ್ಲಿ. ರಿಂಗ್ ಓರೆ ಕಂಡರೆ ಗಾಳಿ ಬಿಟ್ಟು ಮತ್ತೆ ಮೊದಲಿಂದ. ಗಾಳಿ ಇರುವಾಗ ಸುತ್ತಿಗೆಯಲ್ಲಿ ತಟ್ಟಿ ಕೂರಿಸಲು ಹೋದವರ ತಲೆಗೇ ಆ ರಿಂಗ್ ಬಡಿಯುವುದು. ಡ್ರೈವರ್ ಎಷ್ಟೇ ಅವಸರ ಮಾಡಲಿ, "ಅಣ್ಣ, ಹತ್ತು ನಿಮಿಷ ಟೀ ಕುಡಿದು ಬನ್ನಿ" ಅನ್ನುತ್ತೇನೆ. ಆ ಜಾಗದಲ್ಲಿ ಅವರೂ ನಿಂತಿರುವುದು ಬೇಡ.

ಸಂಜೆ ಮುಚ್ಚುವಾಗ ಮೇನ್ ಇಳಿಸಿ, ಟ್ಯಾಂಕಿನ ವಾಲ್ವ್ ಬಂದ್ ಮಾಡಿ, ಲೈನಿನಲ್ಲಿ ಉಳಿದ ಗಾಳಿ ತೀರುವವರೆಗೆ ಗನ್ನಿನ ಟ್ರಿಗರ್ ಒತ್ತಿ, ಆಮೇಲೆ ಹೋಸ್ ಕಳಚುತ್ತೇವೆ. ಗಾಳಿ ಇರುವಾಗಲೇ ಕಪ್ಲರ್ ಎಳೆದರೆ ಹೋಸಿನ ತುದಿಯ ಹಿತ್ತಾಳೆ ಹಲ್ಲಿಗೋ ಕಣ್ಣಿಗೋ ಬಡಿಯುತ್ತದೆ. ಹೋಸನ್ನು ಒರೆಸಿ ಸುತ್ತುವಾಗ ಬಿರುಕು, ಉಬ್ಬು ಕೈಗೆ ಸಿಕ್ಕರೆ ಆ ಭಾಗ ಕತ್ತರಿಸಿ ಕ್ಲಾಂಪ್ ಹಾಕುತ್ತೇವೆ, ತಂತಿ ಸುತ್ತಿ ಬಿಗಿಯುವುದಿಲ್ಲ. ಕೊನೆಗೆ ಡ್ರೈನ್. ಬಕೆಟ್ಟಿನ ನೀರಿನಲ್ಲಿ ಎಣ್ಣೆ ಇರುವುದರಿಂದ ಅದನ್ನು ಚರಂಡಿಗೆ ಚೆಲ್ಲದೆ ಹಳೇ ಇಂಜಿನ್ ಆಯಿಲ್ ಕ್ಯಾನಿಗೆ ಸುರಿಯುತ್ತೇವೆ.