ಮಲೆನಾಡಿನ ಬಚ್ಚಲಿಗೆ ಬಿಸಿ ಟವೆಲ್ ರೇಲ್: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಬಚ್ಚಲೊಲೆ ಎರಡು ಕೆಲಸ ಮಾಡುತ್ತಿತ್ತು. ಹಂಡೆ ನೀರು ಕಾಯುತ್ತಿತ್ತು, ಮೇಲೆ ಕಟ್ಟಿದ ಗಳದಲ್ಲಿ ಬಟ್ಟೆ ಒಣಗುತ್ತಿತ್ತು. ಗೀಸರ್ ಬಂತು, ಒಲೆ ಹೋಯಿತು, ಜೊತೆಗೆ ಗಳವೂ ಹೋಯಿತು. ಈಗ ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವ ತನಕ ಟವೆಲ್‌ಗೆ ಮುಗ್ಗಲು ವಾಸನೆ. ಅದಕ್ಕೇ ನಮ್ಮ ಬಾತ್‌ರೂಮಿಗೆ ಕರೆಂಟಿನ ಟವೆಲ್ ರೇಲ್, ಅಂದರೆ ಟವೆಲ್ ಹರವಲು ಬಿಸಿಯಾಗುವ ಸರಳುಗಳ ಚೌಕಟ್ಟು, ಹಾಕಿದೆ. ಗೋಡೆ ಕೆಲಸ ನನ್ನದು, ವೈರಿಂಗ್ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು.

ಅಂಗಡಿಯಲ್ಲಿ ಇದನ್ನು 'ಬೆಚ್ಚಗಿನ ಟವೆಲ್ ಸಿಗುತ್ತೆ' ಅಂತ ಮಾರುತ್ತಾರೆ. ಅದು ಚಳಿ ದೇಶದವರ ಸುಖ. ನಮಗೆ ಬೇಕಾಗಿರುವುದು ಒಣಗಿದ ಟವೆಲ್. ಇದು ಮನಸ್ಸಲ್ಲಿದ್ದರೆ ಆಯ್ಕೆ ಸುಲಭ.

ಯುರೋಪಿನಲ್ಲಿ ಈ ರೇಲನ್ನು ಮನೆ ಬಿಸಿ ಮಾಡುವ ನೀರಿನ ಪೈಪಿಗೇ ಜೋಡಿಸುವುದು ಜಾಸ್ತಿ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ, ಹಾಗಾಗಿ ಕರೆಂಟಿನದೇ ಗತಿ. ಅದರಲ್ಲೂ ಎರಡು ಬಗೆ. ಒಂದರಲ್ಲಿ ಕೊಳವೆಯೊಳಗೆ ದ್ರವ ತುಂಬಿರುತ್ತದೆ, ಕಾಯುವುದು ನಿಧಾನ, ಆರುವುದೂ ನಿಧಾನ, ತೂಕ ಜಾಸ್ತಿ. ಇನ್ನೊಂದರಲ್ಲಿ ಒಳಗೆ ಬರೀ ಹೀಟಿಂಗ್ ವೈರ್. ಬೇಗ ಬಿಸಿಯಾಗುತ್ತದೆ, ಹಗುರ. ನಮ್ಮದು ಜಂಬಿಟ್ಟಿಗೆ ಗೋಡೆ, ಹಗುರವಾದದ್ದೇ ವಾಸಿ ಅಂತ ಎರಡನೆಯದನ್ನು ತಂದೆ. 100 ವ್ಯಾಟ್‌ನದು.

100 ವ್ಯಾಟ್ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ದಪ್ಪ ಟರ್ಕಿ ಟವೆಲ್ ಒದ್ದೆಯಾದಾಗ ಸುಮಾರು 300 ಗ್ರಾಂ ನೀರು ಹಿಡಿದಿದೆ ಅಂತ ಇಟ್ಟುಕೊಳ್ಳಿ. ಅಷ್ಟು ನೀರು ಆವಿಯಾಗಲು ಹತ್ತಿರ ಹತ್ತಿರ 0.2 ಯೂನಿಟ್ ಶಾಖ ಬೇಕು. ಅಂದರೆ ಎಲ್ಲ ಬಿಸಿಯೂ ಟವೆಲ್‌ಗೇ ಹೋದರೂ ಎರಡು ಗಂಟೆ. ಅರ್ಧ ಬಿಸಿ ಗಾಳಿಗೆ ಹೋಗುತ್ತದೆ ಅಂದರೆ ನಾಲ್ಕು ಗಂಟೆ. ಐದು ಗಂಟೆ ಉರಿಸಿದರೂ ಆಗುವುದು ಅರ್ಧ ಯೂನಿಟ್. 2 ಕಿಲೋವ್ಯಾಟ್ ಗೀಸರ್ ಕಾಲು ಗಂಟೆಯಲ್ಲೇ ಅಷ್ಟು ಎಳೆಯುತ್ತದೆ, ಅಲ್ವಾ? ವ್ಯಾಟ್ ಜಾಸ್ತಿ ಇರುವುದಕ್ಕಿಂತ ಸರಳು ಉದ್ದ ಇರುವುದು, ಸರಳಿನ ನಡುವೆ ಜಾಗ ಇರುವುದು ಮುಖ್ಯ. ಟವೆಲ್ ಒಂದೇ ಮಡಿಕೆಯಲ್ಲಿ ಹರಡಿಕೊಳ್ಳಬೇಕು. ನಾಲ್ಕು ಮಡಿಕೆ ಮಾಡಿ ಹಾಕಿದರೆ ಹೊರಗೆ ಬಿಸಿ, ನಡುವೆ ತಣ್ಣಗೆ ಹಸಿ. ತೆಳು ಬೈರಾಸಾದರೆ ಯಾವ ತಕರಾರೂ ಇಲ್ಲ, ಬೇಗ ಒಣಗುತ್ತದೆ.

ಲೋಹದ ವಿಷಯದಲ್ಲಿ ರಾಜಿ ಬೇಡ. ಕ್ರೋಮ್ ಲೇಪನದ ಸಾದಾ ಉಕ್ಕು ನಮ್ಮ ಮಳೆಗೆ ತಾಳುವುದಿಲ್ಲ. ಲೇಪನ ಎದ್ದ ಕಡೆ, ವೆಲ್ಡಿಂಗ್ ಇರುವ ಕಡೆ ಮೊದಲು ತುಕ್ಕು ಹಿಡಿಯುತ್ತದೆ. ನಾನು ಜೇಬಲ್ಲಿ ಸಣ್ಣ ಮ್ಯಾಗ್ನೆಟ್ ಇಟ್ಟುಕೊಂಡೇ ಅಂಗಡಿಗೆ ಹೋದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಅದು ಅಂಟುವುದೇ ಇಲ್ಲ, ಅಂಟಿದರೂ ಅಲ್ಪಸ್ವಲ್ಪ. ಒಂದು ಅಂಗಡಿಯಲ್ಲಿ ಸ್ಟೇನ್‌ಲೆಸ್ ಅಂತ ತೋರಿಸಿದ ರೇಲ್ ಮ್ಯಾಗ್ನೆಟ್ಟನ್ನು ಟಪ್ಪಂತ ಎಳೆದುಕೊಂಡಿತು. ಅದನ್ನು ಅಲ್ಲೇ ಬಿಟ್ಟೆ. ವೈರ್ ಯಾವ ಮೂಲೆಯಿಂದ ಹೊರಬರುತ್ತದೆ ಅನ್ನುವುದನ್ನೂ ನೋಡಿ, ಎಡವೋ ಬಲವೋ ಅನ್ನುವುದರ ಮೇಲೆ ಗೋಡೆಯ ತೂತಿನ ಜಾಗ ನಿಂತಿದೆ. ನೀರಿನ ರಕ್ಷಣೆಗೆ ಕನಿಷ್ಠ ಐಪಿ 44 ಅನ್ನುವ ರೇಟಿಂಗ್ ಇರಲಿ. ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ಅದು ತಡೆಯುತ್ತದೆ. ನಮ್ಮಲ್ಲಿ ಬಕೆಟ್, ಚೆಂಬು, ಹೆಲ್ತ್ ಫಾಸೆಟ್ ಎಲ್ಲ ಇರುವುದರಿಂದ ನಾನು ಧಾರೆಯಾಗಿ ಬೀಳುವ ನೀರನ್ನೂ ತಡೆಯುವ ಐಪಿ 55 ಆರಿಸಿದೆ.

ಜಾಗ ಗುರುತು ಮಾಡುವಾಗ ಎರಡು ಅಳತೆ ಹಿಡಿದೆ. ನಮ್ಮ ಬಾತ್‌ರೂಮುಗಳಲ್ಲಿ ಶವರ್‌ಗೆ ಬೇರೆ ತೊಟ್ಟಿ ಇರುವುದಿಲ್ಲ, ಇಡೀ ನೆಲಕ್ಕೇ ನೀರು. ಐಇಸಿ 60364 ಅನ್ನುವ ಅಂತರರಾಷ್ಟ್ರೀಯ ವೈರಿಂಗ್ ನಿಯಮದಲ್ಲಿ ಇಂಥ ಕಡೆ ಶವರ್‌ನ ನೀರು ಹೊರಬರುವ ಬಾಯಿಯಿಂದ ಸುತ್ತ 1.2 ಮೀಟರ್ ಒಳಗಿನ ಜಾಗವನ್ನು ಅಪಾಯದ ವಲಯ ಅಂತ ಲೆಕ್ಕ ಹಾಕುತ್ತಾರೆ. ರೇಲ್ ಅದರಾಚೆ ಇರಲಿ. ಇನ್ನೊಂದು ಮಕ್ಕಳ ಲೆಕ್ಕ. ಟವೆಲ್ ರೇಲ್‌ಗಳ ಸುರಕ್ಷತಾ ನಿಯಮದ ಪ್ರಕಾರ ತೀರಾ ಕೆಳಗಿನ ಬಿಸಿ ಸರಳು ನೆಲದಿಂದ 600 ಮಿಲಿಮೀಟರ್ ಮೇಲಿರಬೇಕು.

ಟೈಲ್ಸ್‌ಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗುರುತು ಹಾಕಿ, ಡ್ರಿಲ್‌ಗೆ ಡೈಮಂಡ್ ಬಿಟ್ ಹಾಕಿ, ಕುಟ್ಟುವ ಹ್ಯಾಮರ್ ಮೋಡ್ ಆಫ್ ಮಾಡಿ ನಿಧಾನಕ್ಕೆ ಕೊರೆದೆ. ಟೈಲ್ಸ್ ದಾಟಿದ ಮೇಲೂ ಹ್ಯಾಮರ್ ಹಾಕಲಿಲ್ಲ, ಜಂಬಿಟ್ಟಿಗೆ ಪುಡಿಪುಡಿ ಉದುರುತ್ತದೆ. ಒಳಗೆಲ್ಲ ಗೂಡುಗೂಡು ಇರುವುದರಿಂದ ಸಣ್ಣ ಪ್ಲಗ್ ಹಿಡಿತ ಕೊಡುವುದಿಲ್ಲ. ಧೂಳು ಊದಿ ತೆಗೆದು ಕೆಮಿಕಲ್ ಆ್ಯಂಕರ್ (ತೂತಿನೊಳಗೆ ಗಟ್ಟಿಯಾಗುವ ಅಂಟು) ತುಂಬಿದೆ. ಅದು ಪೂರ್ತಿ ಗಟ್ಟಿಯಾದ ಮೇಲೇ ಸ್ಕ್ರೂ ಬಿಗಿ ಮಾಡಿದ್ದು. ಕಾಯುವುದಕ್ಕೆ ತಾಳ್ಮೆ ಬೇಕು, ಆದರೆ ಈಗ ಒದ್ದೆ ಟವೆಲ್‌ಗಳ ಭಾರಕ್ಕೂ ಅಲ್ಲಾಡುವುದಿಲ್ಲ.

ವೈರ್ ಗೋಡೆ ಮೂಲಕ ನೇರ ಆಚೆ ಪಡಸಾಲೆಗೆ ಹೋಗುತ್ತದೆ. ಸ್ವಿಚ್ಚು, ಟೈಮರ್ ಎಲ್ಲ ಅಲ್ಲೇ, ಒದ್ದೆ ಕೈಗೆ ಸಿಗದ ಹಾಗೆ. ಆ ತೂತನ್ನು ಬಚ್ಚಲ ಕಡೆಗೆ ತುಸು ಇಳಿಜಾರು ಮಾಡಿ ಕೊರೆಯಬೇಕು. ಇಲ್ಲದಿದ್ದರೆ ನೀರು ಸ್ವಿಚ್ ಬಾಕ್ಸಿಗೇ ದಾರಿ ಹುಡುಕುತ್ತದೆ. ಕೊನೆಗೆ ಸುತ್ತ ಸಿಲಿಕಾನ್ ಬಳಿದೆ.

ಎಲೆಕ್ಟ್ರಿಷಿಯನ್‌ಗೆ ನಾನು ಕೇಳಿದ್ದು ಮೂರೇ. ಒಳ್ಳೇ ಅರ್ಥಿಂಗ್, ಫೇಸ್-ನ್ಯೂಟ್ರಲ್ ಎರಡೂ ತಂತಿ ಕಡಿಯುವ ಸ್ವಿಚ್ಚು, 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ಕಂಡರೆ, ಅಂದರೆ ಕರೆಂಟು ಎಲ್ಲೋ ಸೋರಿದರೆ, ಲೈನ್ ಕಡಿಯುವ ಸಾಧನ ಅದು. ಹಳೇ ಮನೆಗಳಲ್ಲಿ ಇಲ್ಲೊಂದು ತೊಡಕಿದೆ. ಎಲ್ಲ ಕೋಣೆಗೂ ಒಂದೇ ನ್ಯೂಟ್ರಲ್ ಹಂಚಿರುತ್ತಾರೆ. ರೇಲ್‌ನ ಫೇಸ್ ಒಂದು ಕಡೆಯಿಂದ, ನ್ಯೂಟ್ರಲ್ ಇನ್ನೊಂದು ಕಡೆಯಿಂದ ಬಂದರೆ ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸ್ ಬರುವುದಿಲ್ಲ, ಆರ್‌ಸಿಸಿಬಿ ಸುಮ್ನೆ ಬೀಳುತ್ತಿರುತ್ತದೆ. ಆಗ ಕೆಲವರು ಅದನ್ನೇ ತೆಗೆದುಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ನಾವು ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿದೆವು. ಇನ್ವರ್ಟರ್ ಲೈನಿಗೆ ಕೊಡಲಿಲ್ಲ, ಮಳೆಗಾಲದಲ್ಲಿ ಬ್ಯಾಟರಿ ದೀಪಕ್ಕೆ ಬೇಕು. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುತ್ತೇನೆ.

ಟವೆಲ್‌ನಿಂದ ಎದ್ದ ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬಹಳ ಜನ ಯೋಚಿಸುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿದ್ದರೆ ಅದು ಗೋಡೆಗೇ ಕೂತು ಬೂಸ್ಟು ಬರಿಸುತ್ತದೆ. ಅದಕ್ಕೆ ಎಕ್ಸಾಸ್ಟ್ ಫ್ಯಾನ್ ಬೇಕು, ಬಾಗಿಲ ಕೆಳಗೆ ಗಾಳಿ ಬರಲು ಸಂದೂ ಬೇಕು. ಹೊರಗಿನ ಗಾಳಿಯೇ ಒದ್ದೆ ಇದೆಯಲ್ಲ ಅಂತ ಅನಿಸಬಹುದು. ಆದರೆ 22 ಡಿಗ್ರಿಯಲ್ಲಿ ತೇವ ತುಂಬಿಕೊಂಡ ಗಾಳಿ ಒಳಗೆ ಬಂದು 27 ಡಿಗ್ರಿಯಾದರೆ ಅದರ ತೇವಾಂಶ ಶೇ. 75ರ ಆಸುಪಾಸಿಗೆ ಇಳಿಯುತ್ತದೆ. ರೇಲ್ ಸುತ್ತ ಆಗುವುದು ಅದೇ. ಅಷ್ಟು ಸಾಕು ಇನ್ನಷ್ಟು ನೀರು ಎಳೆದುಕೊಳ್ಳಲು.

ನಮ್ಮ ಮನೆಯಲ್ಲಿ ಬೆಳಗಿನ ಸ್ನಾನ ಮುಗಿದ ಮೇಲೆ ಟೈಮರ್ ಶುರುವಾಗುತ್ತದೆ. ಸಂಜೆ ಮಕ್ಕಳ ಸ್ಕೂಲ್ ಸಾಕ್ಸು, ಒಳಬಟ್ಟೆಗಳ ಸರದಿ. ಚೆನ್ನಾಗಿ ಹಿಂಡಿಯೇ ಹಾಕುತ್ತೇವೆ. ಬೆಡ್‌ಶೀಟ್, ಜೀನ್ಸ್ ಇದರ ಕೈಲಾಗುವ ಕೆಲಸವಲ್ಲ, ಅವು ಜಗಲಿಯ ಹಗ್ಗದಲ್ಲೇ.